ಮನೆ ದರ ಇಳಿದಿದೆ, ಈಗ ಕೊಳ್ಳಬಹುದಾ? ಗೃಹಸಾಲದ ಹೊಸ ನಿಯಮದ ಬಗ್ಗೆ ಸದಸ್ಯರಿಗೆ ಪತ್ರ

ಕಲಬುರಗಿ
ಮಾರ್ಚ್ 2026

ಸದಸ್ಯರೆಲ್ಲರಿಗೂ ಶರಣು.

ಕಳೆದ ನಾಲ್ಕೈದು ತಿಂಗಳಿಂದ ನಮ್ಮ ಪತ್ತಿನ ಸಂಘದ ಕೌಂಟರಿಗೆ ಬರುವವರು ಪಿಗ್ಮಿ ರೊಕ್ಕ ಕಟ್ಟುವಾಗಲೂ ಒಂದೇ ಮಾತು ಕೇಳುತ್ತಿದ್ದಾರೆ. "ಮನಿ ರೇಟ್ ಬಿದ್ದಾವಂತ್ರೀ. ಈಗ ತೊಗೊಂಡ್ರ ಚೊಲೊನಾ, ಇಲ್ಲಾ ತಡೀಬೇಕಾ?" ಒಬ್ಬರು ಸೇಡಂ ರಸ್ತೆ ಕಡೆ ಕಟ್ಟಿದ ಮನೆ ನೋಡಿ ಬಂದಿರುತ್ತಾರೆ. ಇನ್ನೊಬ್ಬರು ಜೇವರ್ಗಿ ರಸ್ತೆ ಕಡೆ ಪ್ಲಾಟಿಗೆ ಮುಂಗಡ ಕೊಡುವ ಯೋಚನೆಯಲ್ಲಿರುತ್ತಾರೆ. ಎಲ್ಲರಿಗೂ ಬಾಯಲ್ಲೇ ಉತ್ತರ ಹೇಳಿ ಸಾಕಾಗಿದೆ. ಅಲ್ಲದೆ ನಮ್ಮ ಸಾಲದ ನಿಯಮವೂ ಬದಲಾಗುತ್ತಿದೆ. ಹಾಗಾಗಿ ಈ ಪತ್ರ.

ಮೊದಲು ಬದಲಾವಣೆ ಏನು ಅಂತ ಹೇಳಿಬಿಡುತ್ತೇವೆ. ಇದುವರೆಗೆ ಕರಾರು ಪತ್ರದಲ್ಲಿ ಬರೆದ ದರದ ಮೇಲೆ ನೂರಕ್ಕೆ 80ರಷ್ಟು ಗೃಹಸಾಲ ಕೊಡುತ್ತಿದ್ದೆವು. ಏಪ್ರಿಲ್ 1ರಿಂದ ನೂರಕ್ಕೆ 70 ಮಾತ್ರ. ಅದೂ ಕರಾರಿನ ದರ, ನಮ್ಮ ಇಂಜಿನಿಯರು ಕಟ್ಟುವ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ಸಾಲದ ಮಂಜೂರಾತಿ ಪತ್ರ ಇನ್ನು ಮುಂದೆ 60 ದಿನಕ್ಕೆ ರದ್ದಾಗುವುದಿಲ್ಲ, 180 ದಿನ ನಡೆಯುತ್ತದೆ. ಖಾಲಿ ಪ್ಲಾಟಿಗೆ ಸಾಲ ಸದ್ಯಕ್ಕೆ ಬಂದ್.

ಕಡಿಮೆ ಸಾಲ ಕೊಡುತ್ತೇವೆ ಅಂದಾಗ ಯಾರಿಗೂ ಖುಷಿಯಾಗುವುದಿಲ್ಲ, ಗೊತ್ತು. ಕಾರಣ ಕೇಳಿ ಆಮೇಲೆ ಬೈಯಿರಿ.

2024ರ ನಡುವೆ ನಮ್ಮ ಸದಸ್ಯರೊಬ್ಬರು ರಿಂಗ್ ರಸ್ತೆ ಆಚೆ ಒಂದು ಮನೆ ಕೊಂಡರು. ಅವರು ಶಿಕ್ಷಕರು. ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ, ಹೆಸರು ಮಾತ್ರ ಬೇಡ ಅಂದರು. ಮಾಲೀಕರು 42 ಲಕ್ಷ ಹೇಳಿದ್ದರು, 36ಕ್ಕೆ ಇಳಿದರು. "ಆರು ಲಕ್ಷ ಉಳೀತು ಸರ್" ಅಂತ ಪೇಢೆ ಡಬ್ಬಿ ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದಿದ್ದರು. ನಾವೂ ಪೇಢೆ ತಿಂದು 28 ಲಕ್ಷ 80 ಸಾವಿರ ಸಾಲ ಕೊಟ್ಟೆವು. ಮೂರೇ ತಿಂಗಳಿಗೆ ಅದೇ ಸಾಲಿನಲ್ಲಿ, ಅದೇ ಅಳತೆಯ ಮನೆ 33ಕ್ಕೆ ಹೋಯಿತು. ಅಲ್ಲಿಗೂ ಏನೂ ಕೆಡಲಿಲ್ಲ, ಯಾಕೆಂದರೆ ಅವರು ಆ ಮನೆಯಲ್ಲಿ ವಾಸಕ್ಕಿದ್ದರು. ಆದರೆ ಒಂದೂವರೆ ವರ್ಷಕ್ಕೆ ರಾಯಚೂರು ಕಡೆ ವರ್ಗವಾಯಿತು. ಮನೆ ಮಾರಬೇಕಾಯಿತು. ಸಿಕ್ಕಿದ್ದು 30 ಲಕ್ಷ.

ಲೆಕ್ಕ ನೋಡಿ. ಕೈಯಿಂದ ಹಾಕಿದ್ದು 7 ಲಕ್ಷ 20 ಸಾವಿರ. ಮುದ್ರಾಂಕ, ನೋಂದಣಿ ಅಂತ ಆಗಿನ ದರದಲ್ಲಿ ಸುಮಾರು 2 ಲಕ್ಷ 38 ಸಾವಿರ. ಹದಿನೆಂಟು ಕಂತು ಕಟ್ಟಿದ ಮೇಲೂ ಸಾಲ 27 ಲಕ್ಷ 51 ಸಾವಿರ ಬಾಕಿ ಇತ್ತು. ಸಾಲ ತೀರಿಸಿ, ದಲಾಲಿ ಕೊಟ್ಟು ಅವರ ಕೈಯಲ್ಲಿ ಉಳಿದದ್ದು 2 ಲಕ್ಷ 20 ಸಾವಿರದ ಹತ್ತಿರ. ಇದರಲ್ಲಿ ನಮ್ಮ ತಪ್ಪೂ ಇದೆ. 42 ಅನ್ನುವುದು ಮಾಲೀಕರ ಬಾಯಿಂದ ಬಂದ ಸಂಖ್ಯೆ. ಆ ಓಣಿಯಲ್ಲಿ 42ಕ್ಕೆ ಯಾವ ಮನೆಯೂ ಮಾರಾಟವಾಗಿರಲಿಲ್ಲ. ಇಳಿದ ಆರು ಲಕ್ಷವನ್ನು ಅವರು ಲಾಭ ಅಂದುಕೊಂಡರು, ನಾವೂ ಹೌದು ಅಂದೆವು. ಪಕ್ಕದ ಓಣಿಯಲ್ಲಿ ಎಷ್ಟಕ್ಕೆ ಮಾರಾಟ ನೋಂದಣಿಯಾಗಿದೆ ಅಂತ ಒಂದು ದಿನ ತಿರುಗಾಡಿ ನೋಡಿದ್ದರೂ ಸಾಕಿತ್ತು.

ಇನ್ನೊಂದು ಮಾತು. ಕಂತು ಕಟ್ಟುತ್ತಿದ್ದರೆ ಸಾಲ ಬೇಗ ಕರಗುತ್ತದೆ ಅಂತ ಹಲವರು ತಿಳಿದಿದ್ದಾರೆ. ನಮ್ಮ ಈಗಿನ 10.5 ಬಡ್ಡಿಯಲ್ಲಿ 20 ಲಕ್ಷ ಸಾಲ, 15 ವರ್ಷ ಅಂದರೆ ತಿಂಗಳಿಗೆ 22,108 ರೂಪಾಯಿ. ಮೂರು ವರ್ಷದಲ್ಲಿ 7 ಲಕ್ಷ 96 ಸಾವಿರ ಕಟ್ಟಿರುತ್ತೀರಿ. ಅಸಲಿನಲ್ಲಿ ಕರಗಿದ್ದು 1 ಲಕ್ಷ 94 ಸಾವಿರ. ಮಿಕ್ಕಿದ್ದೆಲ್ಲ ಬಡ್ಡಿ. ದರ ಇಳಿಯುವ ಕಾಲದಲ್ಲಿ ಮೊದಲ ಮೂರು ನಾಲ್ಕು ವರ್ಷವೇ ಕಷ್ಟ. ಆಗ ಮಾರಬೇಕಾಗಿ ಬಂದರೆ ಪೆಟ್ಟು ನಿಮ್ಮ ಸ್ವಂತ ರೊಕ್ಕಕ್ಕೇ ಬೀಳುತ್ತದೆ. ಅದಕ್ಕೇ 80 ಹೋಗಿ 70 ಆಯಿತು.

ಹಾಗಾದರೆ ಪೂರ್ತಿ ಇಳಿಯುವವರೆಗೆ ಕಾಯಬೇಕಾ? ತಳ ಯಾವುದು ಅಂತ ಗುರುತಿಸುವ ಶಕ್ತಿ ನಮ್ಮಲ್ಲಂತೂ ಇಲ್ಲ, ದಲಾಲರಲ್ಲೂ ಇಲ್ಲ. ಮನೆ ದರ ತೊಗರಿ ದರದ ಹಾಗಲ್ಲ. ತೊಗರಿ ಎಪಿಎಂಸಿಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗಬಹುದು. ಮನೆ ಹಾಗೆ ಬೀಳುವುದಿಲ್ಲ. ಮೊದಲು ಗಿರಾಕಿ ನಿಲ್ಲುತ್ತಾರೆ. ಮಾಲೀಕರು "ಹೋದ ವರ್ಷ ಪಕ್ಕದವ್ರು 45ಕ್ಕೆ ಕೊಟ್ಟಾರ" ಅಂತ ಹಟ ಹಿಡಿದು ಕೂರುತ್ತಾರೆ. 'ಮಾರಾಟಕ್ಕಿದೆ' ಬೋರ್ಡಿನ ಬಣ್ಣ ಬಿಸಿಲಿಗೆ ಮಾಸುತ್ತದೆ. ಆಮೇಲೆ ಮಗಳ ಮದುವೆಯೋ, ಆಸ್ಪತ್ರೆ ಖರ್ಚೋ ಬಂದವರು ಮೊದಲು ಇಳಿಸುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಹಿಂದೆ ಬರುತ್ತಾರೆ. ಇದು ವರ್ಷಗಟ್ಟಲೆ ನಡೆಯುವ ವ್ಯವಹಾರ. ಅಮೆರಿಕದಲ್ಲಿ ಮನೆ ದರ 2006ರಲ್ಲಿ ತುದಿ ಮುಟ್ಟಿ ಇಳಿಯತೊಡಗಿದ್ದು, ನಿಂತಿದ್ದು 2012ರ ಹೊತ್ತಿಗೆ. ಸರಾಸರಿ ನೂರಕ್ಕೆ 27ರಷ್ಟು ಕರಗಿತ್ತು. 2008ರಲ್ಲಿ "ಇನ್ನೇನು ಇಳಿಯುತ್ತೆ" ಅಂತ ಕೊಂಡವರು ಇನ್ನೂ ಮೂರು ನಾಲ್ಕು ವರ್ಷ ಇಳಿಯುವುದನ್ನೇ ನೋಡಿದರು. ಐರ್ಲೆಂಡ್‌ನಲ್ಲಿ 2007ರಿಂದ 2013ರೊಳಗೆ ದರ ಅರ್ಧಕ್ಕೆ ಬಂತು. ಕಲಬುರಗಿ ಡಬ್ಲಿನ್ ಅಲ್ಲ, ಹಾಗೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಮೊದಲ ಇಳಿಕೆ ನೋಡಿ ಓಡಬೇಡಿ ಅನ್ನುವುದಷ್ಟೇ ನಮ್ಮ ಮಾತು.

ನಮ್ಮ ಕಡೆ ದರ ಇಳಿದಿರುವುದಕ್ಕೆ ನಮ್ಮದೇ ಕಾರಣಗಳಿವೆ. ತೊಗರಿ ರಾಶಿ ಮುಗಿದು ರೊಕ್ಕ ಕೈಗೆ ಬಂದಾಗ ಪ್ಲಾಟು ಕೊಳ್ಳುವುದು ಈ ಜಿಲ್ಲೆಯ ಹಳೇ ರೂಢಿ. 2025ರ ಸೆಪ್ಟೆಂಬರಿನಲ್ಲಿ ಮಳೆ ಮತ್ತು ಭೀಮಾ ಪ್ರವಾಹ ಹೊಲಗಳನ್ನು ಹೇಗೆ ಮಾಡಿತು ಅಂತ ನೀವೇ ನೋಡಿದ್ದೀರಿ. ಅಫಜಲಪುರ, ಜೇವರ್ಗಿ ಕಡೆಯಿಂದ ಬರುತ್ತಿದ್ದ ಗಿರಾಕಿಗಳು ಈ ಸಲ ಬಂದಿಲ್ಲ. ಖಾಲಿ ಪ್ಲಾಟಿಗೆ ಸಾಲ ನಿಲ್ಲಿಸಿದ್ದೂ ಇದಕ್ಕೇ. ಪ್ಲಾಟಿನಲ್ಲಿ ಯಾರೂ ವಾಸ ಮಾಡುವುದಿಲ್ಲ, ಬಾಡಿಗೆ ಬರುವುದಿಲ್ಲ. ದರ ಏರಿದರೆ ಮಾತ್ರ ಲಾಭ. ಆ ಜೂಜಿಗೆ ಠೇವಣಿದಾರರ ರೊಕ್ಕ ಹಾಕಲು ನಮಗೆ ಧೈರ್ಯ ಇಲ್ಲ.

ಬಡ್ಡಿ ಇಳಿದಿದೆಯಲ್ಲ ಅಂತ ಕೇಳುವವರಿದ್ದಾರೆ. ಹೌದು, ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 6.5ರಿಂದ 5.25ಕ್ಕೆ ಇಳಿಸಿತು. ಆದರೆ ಅದೇ ವರ್ಷ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಯಿತು. ಮುದ್ರಾಂಕ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಒಟ್ಟು ನೂರಕ್ಕೆ 7.6 ಖರ್ಚು. ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು.

ದರ ಬಿದ್ದಾಗ ಮಾತ್ರ ಎದುರಾಗುವ ಒಂದು ತೊಡಕಿದೆ. ಇದನ್ನು ದಲಾಲರು ಯಾರೂ ಹೇಳುವುದಿಲ್ಲ. ಸರ್ಕಾರದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ದರ, ಮಾರುಕಟ್ಟೆ ಇಳಿದ ಕೂಡಲೇ ಇಳಿಯುವುದಿಲ್ಲ. ನೀವು 30 ಲಕ್ಷಕ್ಕೆ ಮನೆ ಮಾತಾಡಿದಿರಿ, ಆ ಜಾಗದ ಮಾರ್ಗಸೂಚಿ ದರ 34 ಲಕ್ಷ ಇದೆ ಅಂದುಕೊಳ್ಳಿ. ಮುದ್ರಾಂಕ, ನೋಂದಣಿ 34ರ ಮೇಲೇ ಕಟ್ಟಬೇಕು, ಅಂದರೆ 2 ಲಕ್ಷ 58 ಸಾವಿರ. ಅಷ್ಟಕ್ಕೇ ಮುಗಿಯಲಿಲ್ಲ. ವ್ಯತ್ಯಾಸ ನೂರಕ್ಕೆ 10 ದಾಟಿದರೆ ಆದಾಯ ತೆರಿಗೆಯವರು ಆ ಪೂರ್ತಿ 4 ಲಕ್ಷವನ್ನು ನಿಮ್ಮ ಆದಾಯ ಅಂತ ಹಿಡಿಯಬಹುದು. ಮಾರಿದವರಿಗೂ 34ರ ಲೆಕ್ಕದಲ್ಲೇ ತೆರಿಗೆ. ಅಗ್ಗ ಅಂದುಕೊಂಡದ್ದು ಅಷ್ಟೇನೂ ಅಗ್ಗ ಅಲ್ಲ, ಅಲ್ವಾ? ಮುಂಗಡ ಕೊಡುವ ಮುಂಚೆ ಮಾರ್ಗಸೂಚಿ ದರ ನೋಡಿಕೊಳ್ಳಿ. ಗೊತ್ತಾಗದಿದ್ದರೆ ನಮ್ಮಲ್ಲಿಗೆ ಬನ್ನಿ, ಹುಡುಗರು ಹತ್ತು ನಿಮಿಷದಲ್ಲಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆದು ತೋರಿಸುತ್ತಾರೆ.

ಇನ್ನು 180 ದಿನದ ವಿಷಯ. ಇದು ನಮ್ಮ ಇಂಜಿನಿಯರ ಹಟದಿಂದ ಬಂದ ನಿಯಮ. ಹೋದ ಏಪ್ರಿಲ್‌ನಲ್ಲಿ ಒಂದು ಮನೆ ನೋಡಲು ಅವರ ಜೊತೆ ಹೋಗಿದ್ದೆ. ಐದು ವರ್ಷದ ಮನೆ, ಹೊಸ ಬಣ್ಣ, ನೆಲಕ್ಕೆ ಚೆಂದದ ಶಹಾಬಾದ್ ಪರಸಿ. ಅವರು ಹಾಲ್ ಬಿಟ್ಟು ಸೀದಾ ಹಿಂದಿನ ಕೋಣೆಗೆ ಹೋದರು. ಕಿಟಕಿಯ ಕೆಳ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಬಾಗಿಲ ಹಿಂದೆ ಇದ್ದ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಬಿರುಕಿಗೆ ತೂರಿಸಿದರು. ನಾಲ್ಕು ಬೆರಳು ಒಳಗೆ ಹೋಯಿತು. ಮಾಲೀಕರು "ಪ್ಲಾಸ್ಟರ್ ಬಿರುಕು ಅದ ರೀ" ಅಂದರು. ಇಂಜಿನಿಯರು ಏನೂ ಅನ್ನಲಿಲ್ಲ, ಕಡ್ಡಿ ಅಲ್ಲೇ ಬಿಟ್ಟು ಹೊರಗೆ ಬಂದರು.

ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅಡಿಪಾಯ ಆಳ ಇಲ್ಲದಿದ್ದರೆ ಗೋಡೆಯೂ ಮಣ್ಣಿನ ಜೊತೆ ಕುಣಿಯುತ್ತದೆ. ಅದೇ ಮನೆಯನ್ನು ಡಿಸೆಂಬರಿನಲ್ಲಿ ನೋಡಿದ್ದರೆ ಬಿರುಕು ಮುಚ್ಚಿಕೊಂಡಿರುತ್ತಿತ್ತು, ಮೇಲೆ ಬಣ್ಣ ಬೇರೆ. ಬೋರಿನ ನೀರೂ ಹಾಗೆಯೇ, ನವೆಂಬರಿನಲ್ಲಿ ಎಲ್ಲ ಬೋರಿನಲ್ಲೂ ನೀರು ಇರುತ್ತದೆ. ಮೇ ತಿಂಗಳಲ್ಲಿ ಟ್ಯಾಂಕರ್ ಬಂದು ನಿಲ್ಲುವ ಓಣಿ ಯಾವುದು ಅಂತ ಆಗಲೇ ಗೊತ್ತಾಗುವುದು. ಹಳೇ 60 ದಿನದಲ್ಲಿ ಸದಸ್ಯರು ಒಂದೇ ಕಾಲದಲ್ಲಿ ಮನೆ ನೋಡಿ, ಗಡುವು ಮುಗಿಯುತ್ತದೆ ಅಂತ ಗಡಿಬಿಡಿಯಲ್ಲಿ ಸಹಿ ಹಾಕುತ್ತಿದ್ದರು. ಆ ಗಡಿಬಿಡಿ ಮಾಡಿಸಿದ್ದು ನಾವೇ. ಈಗ ಆರು ತಿಂಗಳು ಇದೆ. ಬಿಸಿಲಲ್ಲಿ ಒಮ್ಮೆ ನೋಡಿ, ಮಳೆ ಬಿದ್ದ ಮೇಲೆ ಇನ್ನೊಮ್ಮೆ ನೋಡಿ. ಇಂಜಿನಿಯರು ಎರಡನೇ ಸಲ ಬಂದರೆ ಅದರ ಶುಲ್ಕ ಸಂಘವೇ ಕೊಡುತ್ತದೆ. ಗಿರಾಕಿ ಕಡಿಮೆ ಇರುವ ಕಾಲದಲ್ಲಿ ಮಾಲೀಕರೂ ಕಾಯುತ್ತಾರೆ. ದರ ಇಳಿದ ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಸಿಗುವ ದೊಡ್ಡ ಲಾಭ ಇದೇ ಅಂತ ನಮ್ಮ ಅನಿಸಿಕೆ. ಒಂದೆರಡು ಲಕ್ಷದ ರಿಯಾಯಿತಿ ಆಮೇಲಿನ ಮಾತು.

ಯಾರಿಗೆ ಈಗ ಕೊಳ್ಳಿ ಅನ್ನುತ್ತೇವೆ? ಇಲ್ಲೇ ಎಂಟು ಹತ್ತು ವರ್ಷ ವಾಸ ಮಾಡುವುದು ಖಚಿತ ಇರುವವರು. ಮೂರನೇ ಒಂದು ಭಾಗ ಕೈಯಿಂದ ಹಾಕಿಯೂ ಆರು ತಿಂಗಳ ಮನೆಖರ್ಚು ಬೇರೆ ಇಟ್ಟುಕೊಂಡವರು. ಅಂಥವರಿಗೆ ದರ ಇನ್ನೆರಡು ಲಕ್ಷ ಇಳಿದರೂ ನಿದ್ದೆ ಕೆಡುವುದಿಲ್ಲ. ವರ್ಗವಾಗುವ ನೌಕರಿಯವರು, ಮಗನ ಓದು ಮುಗಿದರೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವ ಯೋಚನೆ ಇರುವವರು ಬಾಡಿಗೆ ಮನೆಯಲ್ಲೇ ಇರಿ. ಒಂಬತ್ತು ಸಾವಿರ ಬಾಡಿಗೆ ಕೊಡುವ ಮನೆಯನ್ನು 30 ಲಕ್ಷಕ್ಕೆ ಕೊಂಡರೆ, 21 ಲಕ್ಷ ಸಾಲಕ್ಕೆ ಕಂತೇ 23 ಸಾವಿರ ದಾಟುತ್ತದೆ. ಬಾಡಿಗೆ ಕಟ್ಟುವುದು ರೊಕ್ಕ ಹಾಳು ಅಂತ ಸಂಬಂಧಿಕರು ಹೇಳುತ್ತಾರೆ. ಕಂತು ಅವರು ಕಟ್ಟುವುದಿಲ್ಲ.

ಮಾರ್ಚ್ 31ರೊಳಗೆ ಅರ್ಜಿ ಕೊಟ್ಟವರಿಗೆ ಹಳೇ ನಿಯಮವೇ ನಡೆಯುತ್ತದೆ. ಬೇಕಿದ್ದರೆ 180 ದಿನದ ಅವಧಿಯನ್ನು ಅವರೂ ಕೇಳಿ ಪಡೆಯಬಹುದು. ಈಗಾಗಲೇ ಸಾಲ ಕಟ್ಟುತ್ತಿರುವವರಿಗೆ ಏನೂ ಬದಲಾಗುವುದಿಲ್ಲ, ಯಾರನ್ನೂ ಹೆಚ್ಚಿನ ಭದ್ರತೆ ಕೇಳುವುದಿಲ್ಲ.

ಮನೆ ನೋಡಿದ್ದೀರಾ? ಹಾಗಿದ್ದರೆ ಶನಿವಾರ ಬೆಳಿಗ್ಗೆ 11ರ ಮೇಲೆ ಬನ್ನಿ, ಅವತ್ತು ಇಂಜಿನಿಯರು ಆಫೀಸಿನಲ್ಲಿರುತ್ತಾರೆ. ಖಾತಾ ಪ್ರತಿ, ಋಣಭಾರ ಪತ್ರ (ಇಸಿ) ತನ್ನಿ. ಹಿಂದಿನ ಕೋಣೆಯ ಕಿಟಕಿ ಮೂಲೆಯ ಫೋಟೋ ಒಂದು ಫೋನಿನಲ್ಲಿ ಹೊಡೆದುಕೊಂಡು ಬನ್ನಿ.

ಇಂತಿ ನಿಮ್ಮ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)