ಡೊಂಬಿವಲಿಯ ಅಕ್ಕನಿಗೆ

ನಿನ್ನೆ ಮಧ್ಯಾಹ್ನ ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ವಿಷಯ ಇಷ್ಟು ವರ್ಷ ನನ್ನ ಬಾಯಲ್ಲಿ ಕೇಳುತ್ತಲೇ ಬಂದವರು ನೀವೆಲ್ಲ. ಇವತ್ತು ಋಣವನ್ನಷ್ಟೇ ಹೇಳಿಕೊಳ್ಳುತ್ತೇನೆ.

ಮಾರ್ಗದರ್ಶಕರಿಗೆ, ಗ್ರಂಥಾಲಯದ ಸಿಬ್ಬಂದಿಗೆ, ಮಗಳನ್ನು ನೋಡಿಕೊಂಡ ಅತ್ತೆಯವರಿಗೆ, ಮಾಹಿಮ್‌ನ ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಹಿರಿಯರನ್ನು ಪರಿಚಯ ಮಾಡಿಸಿದ ಗೆಳೆಯರಿಗೆ ಮನಸಾರೆ ನಮಸ್ಕಾರ.

ಇನ್ನು ಅಕ್ಕ. ಹೆಸರು ಹಾಕಬೇಡ ಎಂದಿದ್ದಾರೆ. ನನಗಿಂತ ಎರಡು ವರ್ಷ ಮೊದಲು ಸಂಶೋಧನೆಗೆ ಸೇರಿದವರು. ಕೋರ್ಸ್‌ವರ್ಕ್‌ನಲ್ಲಿ, ಅಂದರೆ ಪಿಎಚ್‌.ಡಿ.ಗಾಗಿ ಓದಿ ಮುಗಿಸಬೇಕಾದ ಪತ್ರಿಕೆಗಳಲ್ಲಿ, ನನಗೆ ಕ್ರೆಡಿಟ್ ಕಡಿಮೆ ಬಿದ್ದದ್ದು ನಿಮಗೆ ಗೊತ್ತು. ಓದು ಬಿಡುತ್ತೇನೆ ಎಂದು ಆ ಸಂಜೆ ಅಕ್ಕನಿಗೆ ಸಂದೇಶ ಕಳಿಸಿದೆ. ಜುಲೈ ಮಳೆಗೆ ಲೋಕಲ್‌ಗಳು ತಡವಾಗಿ ಓಡುತ್ತಿದ್ದವು. ರಾತ್ರಿ ಹತ್ತೂವರೆಗೆ ಕುರ್ಲಾದ ನಮ್ಮ ಬಾಗಿಲಲ್ಲಿ ನಿಂತಿದ್ದರು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡಿದ್ದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌.ಡಿ. ನಿಯಮಾವಳಿಗೆ ಮಾತ್ರ ಒಂದು ಹನಿಯೂ ತಾಗಿರಲಿಲ್ಲ.

ಮಗು ಮಲಗಿತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತೆವು. ನಿಯಮದಂತೆ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಬೇಕು. ಅದರಲ್ಲಿ ಸಂಶೋಧನಾ ವಿಧಾನ, ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಇರಲೇಬೇಕು. ಸಂಶೋಧನಾ ಸಲಹಾ ಸಮಿತಿ ಶಿಫಾರಸು ಮಾಡಿದರೆ ಯುಜಿಸಿ ಮಾನ್ಯ ಮಾಡಿದ ಆನ್‌ಲೈನ್ ಕೋರ್ಸೂ ಲೆಕ್ಕಕ್ಕೆ ಬರುತ್ತದೆ. ಸಮಿತಿಯನ್ನು ಕೇಳದೆ ಆನ್‌ಲೈನ್ ಕೋರ್ಸ್ ಮಾಡಿದ್ದೇ ನನ್ನ ತೊಡಕು. ಅಕ್ಕ ಆ ಸಾಲಿನ ಕೆಳಗೆ ಹಸಿರು ಪೆನ್ನಿನಿಂದ ಗೆರೆ ಎಳೆದರು. ಉಳಿದ ಕ್ರೆಡಿಟ್‌ಗೆಂದು ನಾನು ಗುರುತು ಹಾಕಿದ್ದ ಸುಲಭದ ಐಚ್ಛಿಕ ಪತ್ರಿಕೆಯನ್ನು ಹೊಡೆದುಹಾಕಿ, ‘ಮೌಖಿಕ ಇತಿಹಾಸ’ ಎಂದು ಬರೆದರು. “ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಓದಿದವರಿಗೆ ಈಗ ಎಂಬತ್ತು ದಾಟಿದೆ. ಅವರನ್ನು ಮಾತನಾಡಿಸುವುದು ಹೇಗೆಂದು ಮೊದಲು ಕಲಿತುಕೋ” ಎಂದರು.

ಆಗ ಅಳು ತಡೆಯಲಾಗಲಿಲ್ಲ. ಮೊದಲ ಮಾರ್ಗದರ್ಶಕರು ನಿವೃತ್ತರಾದ ಆ ವರ್ಷ, ಯಾವ ಪತ್ರಿಕೆ ತೆಗೆದುಕೊಳ್ಳಲಿ ಎಂದು ಕೇಳಿದಲ್ಲೆಲ್ಲ ಫಾರಂ ಕೈಗಿತ್ತು ಕಳಿಸಿದ್ದರು. ನಿನಗೇನು ತಿಳಿಯಬೇಕಾಗಿದೆ ಎಂದು ಒಬ್ಬರೂ ಕೇಳಿರಲಿಲ್ಲ. ಓದುವ ಯೋಗ್ಯತೆಯೇ ನನಗಿಲ್ಲ ಎಂದುಕೊಂಡು ಒಳಗೊಳಗೇ ಕುಗ್ಗಿಹೋಗಿದ್ದೆ. ಅಕ್ಕ ಸಮಾಧಾನದ ಮಾತಾಡಲಿಲ್ಲ. ಚಹಾಕ್ಕಿಟ್ಟರು. ಸಮಿತಿಗೆ ಅರ್ಜಿ ಬರೆಸಿದರು, ಮೂರು ಸಲ ತಿದ್ದಿಸಿದರು. ಬೆಳಗಿನ ಮೊದಲ ಲೋಕಲ್‌ಗೆ ಹೊರಟರು.

ಸಮಿತಿ ಒಪ್ಪಿತು. ಮುಂದೆ ಹನ್ನೊಂದು ಮಂದಿ ಹಿರಿಯರ ಮಾತು ದಾಖಲಿಸಿಕೊಂಡೆ. ಅವರಲ್ಲಿ ಇಬ್ಬರು ಈಗಿಲ್ಲ.

ಅಕ್ಕಾ, ಭಾನುವಾರ ಒಂದು ಪ್ರತಿ ತರುತ್ತೇನೆ. ಮೂರನೆಯ ಅಧ್ಯಾಯವನ್ನೇ ಮೊದಲು ಓದಿ. ಅದರ ತುಂಬ ಆ ಹಿರಿಯರ ಮಾತೇ ಇದೆ.