ಮಗಳಿಗೊಂದು ಪತ್ರ: ತೋಜಿಯ ಜೊತೆಗಾರ ದೇವಸ್ಥಾನ

ಪುಟ್ಟಿ,

ಕ್ಯೋಟೋದ ತೋಜಿ ದೇವಸ್ಥಾನದ ಐದಂತಸ್ತಿನ ಗೋಪುರದ ಫೋಟೋ ಕಳಿಸಿದ್ದೆನಲ್ಲ, ಅದಕ್ಕೊಂದು ಜೋಡಿ ಇತ್ತು ಕಣೇ. ಹೆಸರು ಸೈಜಿ. ಇವತ್ತು ಅದನ್ನು ಹುಡುಕಿಕೊಂಡು ಹೋದೆ.

794ರಲ್ಲಿ ಈ ಊರು ಜಪಾನಿನ ರಾಜಧಾನಿಯಾಯಿತು. ಆಮೇಲೆ ದಕ್ಷಿಣದ ಹೆಬ್ಬಾಗಿಲಿನ ಆಚೆ ಈಚೆ ಒಂದೊಂದು ದೇವಸ್ಥಾನ ಎದ್ದಿತು. ಎರಡಕ್ಕೂ ಅರಮನೆಯದೇ ದುಡ್ಡು. ತೋಜಿ ಇವತ್ತಿಗೂ ಜನರಿಂದ ಗಿಜಿಗುಡುತ್ತದೆ. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಸೈಜಿ ಇದ್ದ ಜಾಗ. ಈಗ ಅದೊಂದು ಪಾರ್ಕು, ಹುಡುಗರು ಚೆಂಡಾಡುತ್ತಿದ್ದರು.

ಪಾರ್ಕಿನಲ್ಲಿ ಒಂದು ಮಣ್ಣಿನ ದಿಬ್ಬ. ಮೇಲೆ ಹೆಸರು ಕೆತ್ತಿದ ಕಲ್ಲು, ಜೊತೆಗೆ ಕಂಬಗಳ ಬುಡಕ್ಕೆ ಇಟ್ಟಿದ್ದ ಕಲ್ಲುಗಳು. ಕಂಬ ಕೂರಲೆಂದು ದುಂಡಗೆ ಕಡೆದಿದ್ದಾರೆ. ಅಜ್ಜಿಮನೆ ತೊಟ್ಟಿಯಲ್ಲಿ ಮರದ ಕಂಬದ ಕೆಳಗೆ ಇದೆಯಲ್ಲ, ಥೇಟ್ ಹಾಗೇ, ಗಾತ್ರ ಮಾತ್ರ ಜಾಸ್ತಿ.

ಇಲ್ಲೊಂದು ಕಥೆಯಿದೆ. 824ರ ಬರಗಾಲದಲ್ಲಿ ತೋಜಿಯ ಭಿಕ್ಷು ಕೂಕೈಗೂ ಸೈಜಿಯ ಭಿಕ್ಷು ಶುಬಿನ್‌ಗೂ ಮಳೆ ತರಿಸುವ ಪೈಪೋಟಿ ಬಿತ್ತಂತೆ. ಶುಬಿನ್ ಹೊಟ್ಟೆಕಿಚ್ಚಿಗೆ ಮಳೆ ಸುರಿಸುವ ನಾಗರಾಜರನ್ನೆಲ್ಲ ಜಾಡಿಯಲ್ಲಿ ಕೂಡಿಹಾಕಿದ. ತಪ್ಪಿಸಿಕೊಂಡ ಒಬ್ಬ ನಾಗರಾಜ ಇದ್ದದ್ದು ನಮ್ಮ ಭಾರತದ ಕಡೆ, ಅನವತಪ್ತ ಸರೋವರದಲ್ಲಿ! ಕೂಕೈ ಅವನನ್ನು ಕರೆಸಿ ಮಳೆ ಸುರಿಸಿದ. ಶುಬಿನ್ ಸೋತ, ಅಲ್ಲಿಂದ ಸೈಜಿಯ ಗ್ರಹಚಾರ ಕೆಟ್ಟಿತು.

ಇದು ಗೆದ್ದವರ ಕಡೆಯವರು ಕಟ್ಟಿದ ಕಥೆ ಅಂತ ನನಗೆ ಗುಮಾನಿ. ಪಾಪ, ಶುಬಿನ್ ಕಡೆಯಿಂದ ಹೇಳುವವರು ಯಾರೂ ಉಳಿಯಲಿಲ್ಲ ಅಲ್ವಾ? ರಾಜಧಾನಿಯ ಪಶ್ಚಿಮ ಭಾಗ ತಗ್ಗು, ಜೌಗು ನೆಲ. ಜನ ಒಬ್ಬೊಬ್ಬರಾಗಿ ಪೂರ್ವಕ್ಕೆ ಹೋದರು, ಅರಮನೆಯ ಕೈಯೂ ಬಿಗಿಯಾಯಿತು. 990ರಲ್ಲಿ ಸೈಜಿಗೆ ಬೆಂಕಿ ಬಿತ್ತು. ಉಳಿದಿದ್ದ ಗೋಪುರ 1233ರಲ್ಲಿ ಸುಟ್ಟಿತು. ಮತ್ತೆ ಕಟ್ಟಲು ಯಾರೂ ಬರಲಿಲ್ಲ. ತೋಜಿಯ ಗೋಪುರವೇನು ಸುಡಲಿಲ್ಲವೇ? ಎಷ್ಟೋ ಸಲ ಸುಟ್ಟಿದೆ. ಈಗಿರುವುದು 1644ರದ್ದು, ಹತ್ತಿರ ಹತ್ತಿರ 55 ಮೀಟರ್ ಎತ್ತರ. ಕೂಕೈಯನ್ನು ನಂಬಿದ ಭಕ್ತರಿದ್ದರು, ಪ್ರತಿಸಲ ಯಾರೋ ಕೈ ಹಚ್ಚಿದರು.

ನಾನು ಹತ್ತಿದ ದಿಬ್ಬ ಸುಮ್ನೆ ಗುಡ್ಡೆಯಲ್ಲ, ಉಪನ್ಯಾಸ ಮಂದಿರದ ಜಗಲಿಯಂತೆ. ನೀನು ಸಿವಿಲ್ ಓದುವವಳು, ನೀನೇ ಹೇಳು: ನೀರು ನಿಲ್ಲುವಂಥ ಕಡೆ ಬರೀ ಮಣ್ಣಿನ ಜಗಲಿ ಸಾವಿರ ವರ್ಷ ಕುಸಿಯದೆ ನಿಂತದ್ದು ಹೇಗೆ? ನಿಮ್ಮ ಮೇಷ್ಟ್ರನ್ನು ಕೇಳಿ ಬರೆ.

ನಿನ್ನ
ಅಮ್ಮ