ಆರು ಸೀಟಿಗೆ ಮೂರು ಸೀಟಿ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಆರು ವಾರದ ಮೇಲೆ ನನ್ನ ಎಡಗಾಲನ್ನು ಮುಟ್ಟಿ ನೋಡಿದರೆ ಸಣ್ಣಗಾಗಿ ಬೇರೆ ಯಾರದ್ದೋ ಕಾಲಿನ ಹಾಗಿತ್ತು. ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆದೆ. ಅಲ್ಲಿ ನಿಂತಾಗ ಮೊದಲು ನೆನಪಾದವರು, ಸ್ಕಾಟ್ಲೆಂಡಿನ ಬೆಟ್ಟದಲ್ಲಿ ಕಾಲು ಮುರಿದುಕೊಂಡಿದ್ದ ನನ್ನನ್ನು ಕಾಪಾಡಿದ ನೀವೇ. ಅವತ್ತು ಬೆಟ್ಟದಲ್ಲೇ ಥ್ಯಾಂಕ್ಸ್ ಹೇಳಿದ್ದೆ, ಆದರೆ ಆ ನೋವಿನಲ್ಲಿ ಬಾಯಿಂದ ಏನು ಬಂತೋ ನನಗೇ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕಳಿಸಿದ್ದೇನೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ನಮ್ಮವರಿಗೆಲ್ಲ ನಿಮ್ಮ ವಿಷಯ ಗೊತ್ತಾಗಲಿ ಅಂತ.

ಮದುವೆಯಾಗಿ ಹತ್ತು ವರ್ಷ ಆಯಿತು ಅಂತ ಸೆಪ್ಟೆಂಬರ್ ಕೊನೆಯಲ್ಲಿ ನಾನೂ ಇವರೂ ಸ್ಕಾಟ್ಲೆಂಡಿಗೆ ಹೋಗಿದ್ದೆವು. ಅಲ್ಲಿ ವೆಸ್ಟ್ ಹೈಲ್ಯಾಂಡ್ ವೇ ಅಂತ 154 ಕಿಲೋಮೀಟರ್ ಉದ್ದದ ಕಾಲುದಾರಿ ಇದೆ, ಗ್ಲಾಸ್ಗೋ ಪಕ್ಕದಿಂದ ಫೋರ್ಟ್ ವಿಲಿಯಂವರೆಗೆ. ಪೂರ್ತಿ ನಡೆಯುವಷ್ಟು ರಜೆ ಇರಲಿಲ್ಲ. ಬ್ರಿಡ್ಜ್ ಆಫ್ ಆರ್ಕಿಯಲ್ಲಿ ರೈಲು ಇಳಿದು ಕೊನೆಯ ಮೂರು ದಿನದ ದಾರಿ ಮಾತ್ರ ನಡೆಯೋಣ ಅಂದುಕೊಂಡೆವು.

ಮೊದಲ ದಿನ ಸುಮಾರು 19 ಕಿಲೋಮೀಟರ್, ರಾನಕ್ ಮೂರ್ ಅನ್ನುವ ಬಯಲಿನ ಅಂಚಿನಲ್ಲಿ. ಮರ ಇಲ್ಲ, ಮನೆ ಇಲ್ಲ, ಕಣ್ಣು ಹೋದಷ್ಟು ದೂರ ಕಂದು ಹುಲ್ಲು, ಜೌಗು, ನಡುನಡುವೆ ಆಕಾಶದ ಬಣ್ಣದ್ದೇ ನೀರು. ಸಂಜೆ ಕಿಂಗ್ಸ್‌ಹೌಸ್ ಹೋಟೆಲಿನ ಹತ್ತಿರ ಕೆಂಪು ಜಿಂಕೆಗಳು ಬಂದು ನಿಂತಿದ್ದವು. ಗಂಡು ಜಿಂಕೆ ಕೂಗಿದ್ದು ಮಾತ್ರ ಜನ್ಮದಲ್ಲಿ ಮರೆಯುವುದಿಲ್ಲ, ಎದೆಯೊಳಗೇ ಏನೋ ಗುಡುಗಿದ ಹಾಗೆ. ಅಷ್ಟು ಖುಷಿಯಾಗಿದ್ದೆವು.

ಎರಡನೇ ದಿನ ಡೆವಿಲ್ಸ್ ಸ್ಟೇರ್‌ಕೇಸ್. ಸೈತಾನನ ಮೆಟ್ಟಿಲು ಅಂತ ಹೆಸರಿದ್ದರೂ ಮೆಟ್ಟಿಲೇನಿಲ್ಲ, 18ನೇ ಶತಮಾನದಲ್ಲಿ ಸೈನಿಕರು ಹಾಕಿದ ಅಂಕುಡೊಂಕು ರಸ್ತೆ. ಮೇಲೆ ತಲುಪಿದರೆ 548 ಮೀಟರ್, ಇಡೀ ದಾರಿಯಲ್ಲಿ ಅದೇ ಎತ್ತರದ ಜಾಗ. ಹತ್ತಿದ್ದು ಸುಲಭವಾಗಿಯೇ ಆಯಿತು. ಕಷ್ಟ ಇದ್ದದ್ದು ಇಳಿಯುವುದರಲ್ಲಿ, ಆ ದಿನ ನಾವು ತಲುಪಬೇಕಿದ್ದ ಕಿನ್‌ಲಾಕ್‌ಲೆವನ್ ಊರು ಇರುವುದು ಸಮುದ್ರಮಟ್ಟದಲ್ಲಿ. ಮಳೆ ಶುರುವಾಗಿತ್ತು. ಒಂದು ಒದ್ದೆ ಕಲ್ಲಿನ ಮೇಲೆ ಕಾಲಿಟ್ಟೆ, ಜಾರಿತು, ಲಟಕ್ ಅಂತ ಶಬ್ದ ಕೇಳಿಸಿತು. ನೋವಿಗಿಂತ ಮೊದಲು ಆ ಶಬ್ದ.

ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿಯೂ ಇರಲಿಲ್ಲ. ಬಲಗಡೆ ದೂರದಲ್ಲಿ ಬ್ಲ್ಯಾಕ್‌ವಾಟರ್ ಅಣೆಕಟ್ಟು ಕಾಣುತ್ತಿತ್ತು. 1909ರಲ್ಲಿ ಮುಗಿದ ಅಣೆಕಟ್ಟು ಅದು. ಅದನ್ನು ಕಟ್ಟಿದ ಕೂಲಿಗಳಲ್ಲಿ ಕೆಲವರು ಈ ಬೆಟ್ಟ ದಾಟಿ ಕಿಂಗ್ಸ್‌ಹೌಸಿಗೆ ಕುಡಿಯಲು ಹೋಗಿ, ಚಳಿಗಾಲದಲ್ಲಿ ವಾಪಸ್ ಬರುವಾಗ ದಾರಿಯಲ್ಲೇ ಸತ್ತಿದ್ದರು ಅಂತ ಹಿಂದಿನ ರಾತ್ರಿಯಷ್ಟೇ ಓದಿದ್ದೆ. ಅದೇ ತಲೆಯಲ್ಲಿ ಸುತ್ತುತ್ತಿತ್ತು. ಇವರ ಮುಖ ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

ಬೆನ್ನಚೀಲದ ಎದೆಪಟ್ಟಿಯ ಬಕಲ್‌ನಲ್ಲೇ ಒಂದು ಪುಟ್ಟ ಪ್ಲಾಸ್ಟಿಕ್ ಸೀಟಿ ಇರುತ್ತದೆ, ಅಲ್ವಾ? ಕಿರುಬೆರಳಿನ ಉಗುರಿನಷ್ಟು. ಇವರು ಚೀಲವನ್ನು ಬಾಯಿಯ ಹತ್ತಿರ ಎಳೆದುಕೊಂಡು ಅದನ್ನೇ ಊದಿದರು. ಒಂದು ನಿಮಿಷದಲ್ಲಿ ಆರು ಸಲ, ಆಮೇಲೆ ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು. ಬೆಟ್ಟದಲ್ಲಿ ಸಹಾಯ ಕೇಳುವ ರೀತಿ ಇದು. ಇವರು ಗಡಿಯಾರ ನೋಡಿಕೊಂಡು ಊದುತ್ತಿದ್ದರು, ಕೈ ನಡುಗುತ್ತಿತ್ತು. ಎಷ್ಟು ಸುತ್ತು ಊದಿದರೋ ಲೆಕ್ಕವಿಲ್ಲ. ಆಮೇಲೆ ಕೆಳಗಿನಿಂದ, ಮಂಜಿನೊಳಗಿಂದ, ಸಣ್ಣದಾಗಿ ಮೂರು ಸೀಟಿ. ಕೇಳಿಸಿತು, ಬರುತ್ತಿದ್ದೇವೆ ಅಂತ ಅದರರ್ಥ. ಹೋದ ಜೀವ ಬಂದ ಹಾಗಾಯಿತು. ಇವರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು.

ಆ ಮೂರು ಸೀಟಿ ಊದಿದ ತಾಯಿ, ಮಗಳಿಗೆ ನನ್ನ ಮೊದಲ ನಮಸ್ಕಾರ. ಇಳಿದುಹೋಗಿದ್ದ ಅಷ್ಟು ದಾರಿಯನ್ನು ನೀವು ಮಳೆಯಲ್ಲಿ ಮತ್ತೆ ಹತ್ತಿಕೊಂಡು ಬಂದಿರಿ. ಒಂದು ನಿಮಿಷ ನನ್ನ ಕಾಲು ನೋಡಿದಿರಿ, ಅಷ್ಟೇ. ಮಗಳು ನಾವಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡು ಸಿಗ್ನಲ್ ಸಿಗುವ ತನಕ ಕೆಳಗೆ ಓಡಿದರು. ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ ಅಂದರೆ ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ತಂಡ, ಇದೆಲ್ಲ ಅವರಿಗೆ ಗೊತ್ತಿತ್ತು. ತಾಯಿ ನಮ್ಮ ಜೊತೆ ಉಳಿದರು. ಅವರ ಚೀಲದಿಂದ ಕಿತ್ತಳೆ ಬಣ್ಣದ ಬಟ್ಟೆಯೊಂದು ಹೊರಬಂತು, ಕಂಬ ಇಲ್ಲದ ಟೆಂಟಿನ ಹಾಗೆ. ಮೂವರೂ ಒಳಗೆ ಕೂತು ತಲೆಯಿಂದಲೇ ಅದನ್ನು ಎತ್ತಿ ಹಿಡಿದುಕೊಳ್ಳಬೇಕು. ಹೊರಗೆ ಮಳೆ ಬಡಿಯುತ್ತಿತ್ತು, ಒಳಗೆ ಐದೇ ನಿಮಿಷದಲ್ಲಿ ನಮ್ಮ ಉಸಿರಿಗೇ ಬೆಚ್ಚಗಾಯಿತು. ಅವರು ತಮ್ಮ ನೀಲಿ ಉಣ್ಣೆ ಟೋಪಿ ತೆಗೆದು ನನ್ನ ತಲೆಗೆ ಹಾಕಿ, ಕಿವಿ ಮುಚ್ಚುವವರೆಗೆ ಎಳೆದರು. ಥೇಟ್ ನನ್ನ ಅಮ್ಮ ಮಾಡಿದ ಹಾಗೆ. ಎರಡು ಗಂಟೆ ನನ್ನ ಕೈ ಬಿಡಲಿಲ್ಲ.

ಆಮೇಲೆ ತಂಡ ಬಂತು, ಹತ್ತು ಜನ. ಒಬ್ಬರ ಕೈಮೇಲೆ ಇನ್ನೂ ಬಿಳಿ ಪೇಂಟ್ ಇತ್ತು, ಯಾರದ್ದೋ ಮನೆಗೆ ಬಣ್ಣ ಬಳಿಯುತ್ತಿದ್ದವರು ಕರೆ ಬಂದ ಕೂಡಲೇ ಬ್ರಷ್ ಇಟ್ಟು ಎದ್ದುಬಂದಿದ್ದರು. ಇವರ್ಯಾರೂ ಸಂಬಳಕ್ಕೆ ಬಂದವರಲ್ಲ, ಸುತ್ತಮುತ್ತಲ ಊರಿನ ಸ್ವಯಂಸೇವಕರು. ನನ್ನನ್ನು ಮಲಗಿಸಿದ ಮಡಚುವ ಸ್ಟ್ರೆಚರ್ ತೋರಿಸಿ, ಇದನ್ನು ರೂಪಿಸಿದ ಹೇಮಿಶ್ ಮಕಿನಿಸ್ ಇಲ್ಲೇ ಗ್ಲೆನ್‌ಕೋದಲ್ಲಿದ್ದವರು, 1961ರಲ್ಲಿ ಅಲ್ಲಿನ ರೆಸ್ಕ್ಯೂ ತಂಡ ಕಟ್ಟಿದವರು ಅಂತ ಒಬ್ಬರು ಹೇಳುತ್ತಾ ಬಂದರು. ನನ್ನ ಗಮನ ನೋವಿನಿಂದ ಬೇರೆ ಕಡೆ ಹೋಗಲಿ ಅಂತ ಮಾತಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಜಾರುವ ಕಲ್ಲು ಬಂದಾಗಲೆಲ್ಲ ಎಲ್ಲರೂ ಒಟ್ಟಿಗೆ ನಿಂತು, ಒಟ್ಟಿಗೆ ಹೆಜ್ಜೆ ಇಡುತ್ತಿದ್ದರು. ಒಂದು ಸಲವೂ ಜೋರಾಗಿ ಕುಲುಕಲಿಲ್ಲ.

ಕೆಳಗೆ ಬಂದಾಗ ಕತ್ತಲಾಗಿತ್ತು. ಇವರು ಪರ್ಸ್ ತೆಗೆದು ಎಷ್ಟು ಕೊಡಬೇಕು ಅಂತ ಕೇಳಿದರು. ಪೇಂಟ್ ಹತ್ತಿದ ಆ ಕೈ ಪರ್ಸನ್ನು ಮೆಲ್ಲಗೆ ಮುಚ್ಚಿತು. ಅಲ್ಲಿ ಇದಕ್ಕೆ ದುಡ್ಡು ತೆಗೆದುಕೊಳ್ಳುವುದೇ ಇಲ್ಲವಂತೆ. ದೇಣಿಗೆ ಕಳಿಸಿದ್ದೇವೆ, ಇನ್ನು ಪ್ರತಿ ವರ್ಷ ಮದುವೆಯ ದಿನ ಕಳಿಸುತ್ತೇವೆ. ಋಣ ತೀರಿತು ಅಂತಲ್ಲ, ನಿಮ್ಮನ್ನು ನೆನೆಯುವುದಕ್ಕೆ.

ಇವರಿಗೂ ಒಂದು ಮಾತು, ಎದುರಿಗೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ರೀ, ಮೂರನೇ ದಿನದ ದಾರಿ ನನ್ನಿಂದ ತಪ್ಪಿತು ಅಂತ ನೂರು ಸಲ ಹೇಳಿದ್ದೇನೆ, ನೀವು ಒಂದು ಸಲವೂ ಹೂಂ ಅನ್ನಲಿಲ್ಲ. ಆರು ವಾರ ನನ್ನ ತಲೆ ಬಾಚಿ ಜಡೆ ಹಾಕಿದವರು ನೀವು.

ಆ ನೀಲಿ ಟೋಪಿ ಗಡಿಬಿಡಿಯಲ್ಲಿ ನನ್ನ ತಲೆಯ ಮೇಲೇ ಉಳಿದುಬಿಟ್ಟಿತ್ತು. ತಂಡದವರು ವಿಳಾಸ ಕೇಳಿ ಕೊಟ್ಟಿದ್ದಾರೆ. ಒಗೆದು, ನೆರಳಿನಲ್ಲಿ ಒಣಗಿಸಿ ಇಟ್ಟಿದ್ದೇನೆ. ನಾಳೆ ಪೋಸ್ಟ್ ಆಫೀಸಿಗೆ ನಾನೇ ನಡೆದು ಹೋಗುತ್ತೇನೆ, ಇವರ ಕೈ ಹಿಡಿದುಕೊಂಡು.